‘ದಾಯೆ’ ಎಂಬ ಅಪಾಯಕಾರಿ ಪದದ ಕುರಿತು ತಾಯ್ಗಣ್ಣು ಆ್ಯಪಿನ ಸನ್ನಿಧಾನಕ್ಕೆ

ಮಾನ್ಯ ತಾಯ್ಗಣ್ಣು ಆ್ಯಪ್ ಅವರೇ,

ಉದ್ಯಾವರದ ನಮ್ಮ ಮನೆಯಿಂದ ತಮಗೆ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ನನ್ನ ಫೋನಿನ ಬ್ಯಾಟರಿಯಲ್ಲಿ ಅರ್ಧವನ್ನು ಉಣ್ಣುತ್ತಿರುವವರು ತಾವೇ ಅಲ್ವಾ. ನನ್ನ ಕ್ಷೇಮವನ್ನು ನಾನು ತಿಳಿಸಬೇಕಾದ ಅಗತ್ಯವೇ ಇಲ್ಲ. ಅದು ನನಗಿಂತ ಮೊದಲು ತಮಗೆ ಗೊತ್ತಾಗುತ್ತದೆ, ತಮ್ಮಿಂದ ಅಮ್ಮನಿಗೆ, ಅಮ್ಮನಿಂದ ಮೀನು ಮಾರ್ಕೆಟ್ಟಿಗೆ.

ತಾವು ನಮ್ಮ ಮನೆಗೆ ಬಂದ ಸಂದರ್ಭವನ್ನು ನೆನಪಿಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾಪುವಿನ ಮೊಬೈಲ್ ಅಂಗಡಿಯ ಝುಬೈರಣ್ಣ ಬಹಳ ಸಜ್ಜನರು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಬರೀ ಸಮಯದ ಮಿತಿ ಹಾಕಬಹುದು, ಗುರುತಿಲ್ಲದವರ ಸಂದೇಶ ತಡೆಯಬಹುದು, ಎಲ್ಲಿದ್ದಾಳೆ ಎಂದು ನೋಡಬಹುದು, ಬೇಕಿದ್ದರೆ ಬರೆದದ್ದನ್ನೆಲ್ಲ ಓದಲೂಬಹುದು, ನಿಮಗೆ ಯಾವುದು ಬೇಕು ರತ್ನಕ್ಕ ಎಂದು ಒಂದೊಂದಾಗಿ ವಿವರಿಸಿದರು. ಮೀನಿಗೆ ಮಸಾಲೆ ಅರೆಯುವುದರಲ್ಲಿ ಎಂದೂ ಜಿಪುಣತನ ತೋರದ ನನ್ನ ತಾಯಿ ರತ್ನಾವತಿಯವರು ಅದೇ ಧಾರಾಳದಿಂದ, “ಎಲ್ಲ ಹಾಕಿ” ಎಂದರು. ಪಕ್ಕದಲ್ಲೇ ನಿಂತಿದ್ದ ನನಗೆ ಯಾವುದು ಬೇಕೆಂದು ಯಾರೂ ಕೇಳಲಿಲ್ಲ. ಮಸಾಲೆ ಎಷ್ಟು ಬೇಕೆಂದು ಬಂಗುಡೆಯನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಅಂದಿನಿಂದ ತಮ್ಮ ಸೇವೆ ಅಖಂಡ. ಅಂಬಲಪಾಡಿಯ ದೇವರು ಕೂಡ ಮಧ್ಯಾಹ್ನದ ಪೂಜೆ ಮುಗಿದರೆ ಬಾಗಿಲು ಹಾಕಿಕೊಂಡು ಸ್ವಲ್ಪ ವಿಶ್ರಮಿಸುತ್ತಾರೆ. ತಾವು ಕಣ್ಣು ಮಿಟುಕಿಸುವುದೂ ಇಲ್ಲ. ಕಾಲೇಜಿನ ಬಸ್ಸು ಉದ್ಯಾವರದ ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡಿದ್ದಾಗ ‘ನಿಮ್ಮ ಮಗು ನದಿಯಲ್ಲಿದೆ’ ಎಂದು ತಾವು ಅಮ್ಮನಿಗೆ ತಿಳಿಸಿದ್ದನ್ನು, ಆಮೇಲೆ ಬಸ್ಸಿನ ಕಂಡಕ್ಟರಿಗೆ ಅಮ್ಮನಿಂದ ಫೋನು ಬಂದದ್ದನ್ನು ನಾನು ದೂರುವುದಿಲ್ಲ. ಅಂಥ ಪ್ರೀತಿ ಎಲ್ಲರಿಗೂ ಸಿಗುವುದಿಲ್ಲ ಮಾರಾಯರೇ.

ನನ್ನ ಅಳಲು ಒಂದೇ ಒಂದು ಪದದ್ದು. ತುಳುವಿನಲ್ಲಿ ‘ಯಾಕೆ’ ಎನ್ನಲು ‘ದಾಯೆ’ ಎನ್ನುತ್ತೇವೆ. ನನ್ನ ಗೆಳತಿ ವನೆಸ್ಸಾಳದು ಕಲ್ಯಾಣಪುರ; ಅವಳ ಮನೆಯಲ್ಲಿ ಕೊಂಕಣಿ, ನಮ್ಮಿಬ್ಬರ ನಡುವೆ ತುಳು. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತುವಾಗ ಸೋಮಾರಿತನದಿಂದ ‘ದಾಯೆ’ಗೆ ಡಿ, ಐ, ಇ ಎಂದು ಮೂರೇ ಅಕ್ಷರ ಹಾಕುತ್ತೇವೆ. ಆ ವಾರ ವನೆಸ್ಸಾ ಕಾಲೇಜಿಗೆ ಬಂದಿರಲಿಲ್ಲ. ನಾನು ದಾಯೆ ಎಂದು ಕೇಳಿದೆ, ಉತ್ತರ ಬರಲಿಲ್ಲ. ಮತ್ತೆ ದಾಯೆ, ಇನ್ನೊಮ್ಮೆ ದಾಯೆ ಎಂದು ಪೀಡಿಸಿದೆ. ಕೊನೆಗೆ ಅವಳು ಯಾರಿಗೂ ಹೇಳದ ಒಂದು ವಿಷಯವನ್ನು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ, ನನಗೆ ಬರೆದಳು. ಅದೇನೆಂದು ಇಲ್ಲಿ ಬರೆಯಲಾರೆ. ತಮ್ಮಲ್ಲಿ ಅದರ ಸ್ಕ್ರೀನ್‌ಶಾಟ್ ಉಂಟು.

ಇಂಗ್ಲಿಷಿನಲ್ಲಿ ಮಹಾ ಪಂಡಿತರಾದ ತಾವು ಆ ಮೂರು ಅಕ್ಷರವನ್ನು ‘ಸಾಯಿ’ ಎಂದು ಓದಿಕೊಂಡು, ನಿಮ್ಮ ಮಗು ಸಾವಿನ ಮಾತಾಡುತ್ತಿದೆ ಎಂದು ಅಮ್ಮನಿಗೂ ಅಪ್ಪನಿಗೂ ಕೆಂಪು ಅಕ್ಷರದ ಎಚ್ಚರಿಕೆ ಕಳಿಸಿದಿರಿ. ನನ್ನ ಅಪ್ಪ ವಾಸು ಮಲ್ಪೆಯ ಬೋಟೊಂದರ ತಾಂಡೇಲರು. ಅಂದರೆ ಬೋಟು ಎತ್ತ ಹೋಗಬೇಕೆಂದು ಅವರೇ ಹೇಳಬೇಕು. ಫೋನಿನ ಸಿಗ್ನಲ್ ಕೈಬಿಡುವ ಮೊದಲು ಅವರಿಗೆ ಸಿಕ್ಕಿದ ಕಟ್ಟಕಡೆಯ ಸಂದೇಶ ತಮ್ಮದು. ಬಲೆಯನ್ನು ನೀರಿಗೆ ಇಳಿಸದೆಯೇ ಅವರು ಬೋಟನ್ನು ತಿರುಗಿಸಿದರು.

ಅಪ್ಪ ಉಪ್ಪುನೀರಿನ ಬಟ್ಟೆಯಲ್ಲೇ ಜಗಲಿಗೆ ಬಂದು ಕುಳಿತು, ನನ್ನ ಮುಖ ನೋಡಿ, ಸಣ್ಣ ಸ್ವರದಲ್ಲಿ ಕೇಳಿದ್ದು ಒಂದೇ: “ದಾಯೆ ಮಗಾ?” ನಾನೂ ಅದನ್ನೇ ಕೇಳಿದ್ದು ಅಪ್ಪ ಎಂದೆ. ಬಹಳ ಹೊತ್ತು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜೊತೆಗೆ ಬಂದಿದ್ದ ಬೋಟಿನವರು ನಕ್ಕರು. ಅಪ್ಪ ನಗಲಿಲ್ಲ, ಹನಿಗಣ್ಣು ಒರೆಸಿಕೊಂಡರು. ಅಷ್ಟಕ್ಕೇ ಮುಗಿದಿದ್ದರೆ ತಮಗೆ ಹೂವಿನ ಹಾರ ಹಾಕುತ್ತಿದ್ದೆ. ಆದರೆ ಅಮ್ಮ, ತಾನು ಸುಮ್ಮನೆ ಹೆದರಲಿಲ್ಲವೆಂದು ಸಾಬೀತುಪಡಿಸಲು, ತಾವು ಒದಗಿಸಿದ ಸಂಭಾಷಣೆಯನ್ನು ಮೊದಲಿಂದ ಕೊನೆಯವರೆಗೆ ಜಗಲಿಯಲ್ಲಿ ಗಟ್ಟಿಯಾಗಿ ಓದಿದರು. ವನೆಸ್ಸಾಳ ವಿಷಯ ಅಂದಿನ ಮೀನಿಗಿಂತ ಮೊದಲು ಕಲ್ಯಾಣಪುರ ತಲುಪಿತು. ಆಮೇಲೆ ಅವಳು ನನಗೆ ಬರೆದಿಲ್ಲ. ಅಮ್ಮ ಕಿತ್ತುಕೊಂಡ ನನ್ನ ಫೋನು ಫ್ರಿಜ್ಜಿನ ಮೇಲೆ ಬಂದಿಯಾಗಿದ್ದರೂ, ಸದ್ದು ಬಂದೀತೇ ಎಂದು ನಾನು ಅಡುಗೆಮನೆಯ ಆಸುಪಾಸಲ್ಲೇ ಓದಲು ಕೂರುತ್ತೇನೆ. ನನ್ನ ಶ್ರದ್ಧೆ ನೋಡಿ ಅಮ್ಮನಿಗೆ ಸಂತೋಷವಾಗಿದೆ.

ಆದ್ದರಿಂದ ತಮ್ಮಲ್ಲಿ ಬಿನ್ನಹ. ಸಮಯದ ಮಿತಿ ಇರಲಿ, ಗುರುತಿಲ್ಲದವರನ್ನು ಓಡಿಸಿ, ಬೇಕಾದರೆ ನನ್ನನ್ನು ದಿನವೂ ನದಿಗೆ ತಳ್ಳಿ. ಗುರುತಿರುವವರು ನನ್ನನ್ನು ನಂಬಿ ಹೇಳಿದ್ದನ್ನು ಮಾತ್ರ ಮುಟ್ಟಬೇಡಿ. ಅದು ನನ್ನದೂ ಅಲ್ಲ, ಅಮ್ಮನಿಗೆ ಕೊಡಲು. ಬಿಡುವು ಮಾಡಿಕೊಂಡು ತುಳು ಕಲಿಯಿರಿ. ಅಪ್ಪನ ಬೋಟಿನಲ್ಲಿ ಒಂದು ಸಲ ಹೋಗಿಬಂದರೆ ಯಾವ ಶಾಲೆಯೂ ಕಲಿಸದಷ್ಟು ಶಬ್ದ ಸಿಗುತ್ತದೆ, ಅವುಗಳಲ್ಲಿ ಕೆಲವಕ್ಕೆ ನಿಜವಾಗಿಯೂ ಎಚ್ಚರಿಕೆ ಬೇಕು. ಕೊನೆಯದಾಗಿ, ಕಲ್ಯಾಣಪುರದ ಬಸ್ಸು ಹಿಡಿದು ಹೋಗಿ, ವನೆಸ್ಸಾಳ ಎದುರು ತಲೆತಗ್ಗಿಸಿ ಕ್ಷಮೆ ಕೇಳಿ. ತಲೆ ಇಲ್ಲದಿದ್ದರೆ ಬ್ಯಾಟರಿ ತಗ್ಗಿಸಿದರೂ ನಡೆದೀತು.

ಬೇಕಾದರೂ ಬೇಡವಾದರೂ ತಮ್ಮ ಕಣ್ಣಳತೆಯಲ್ಲೇ ಇರುವ,
ತಮ್ಮ ವಿಶ್ವಾಸಿ,
ಶರ್ಮಿಳಾ
(ತಮ್ಮ ದಾಖಲೆಯ ಪ್ರಕಾರ ಸದ್ಯದ ವಾಸ: ಫ್ರಿಜ್ಜಿನ ಮೇಲೆ)

ಮರೆತ ಮಾತು: ಪತ್ರಕ್ಕೆ ಸಹಿ ಹಾಕುವಷ್ಟರಲ್ಲಿ ತಾವು ಮತ್ತೆ ಅಪಾಯ, ಅಪಾಯ ಎಂದು ಕೂಗಿಕೊಂಡಿರಿ. ಅಮ್ಮ ಮೀನಿನ ಹುರುಪೆ ಅಂಟಿದ ಕೈಯಲ್ಲೇ ನನ್ನ ಫೋನನ್ನು ಇಳಿಸಿ, ಮಗುಚಿ ಹಿಡಿದು ತಂದು ನನ್ನ ಮುಂದಿಟ್ಟರು. “ತೆಕ್ಕೊ, ವನೆಸ್ಸಾಂದು ಬಂದಿದೆ. ನಾನೇನೂ ಓದ್ಲಿಲ್ಲ” ಎಂದು ಬಾಗಿಲವರೆಗೆ ಹೋದವರು, ತಿರುಗಿ ನಿಂತು ಹೇಳಿದರು: “ದಾಯೆ ಅಂತ ಕೇಳಿದ್ದಾಳೆ. ಬೇಗ ಉತ್ತರ ಕೊಡು.”