ಬಿಸಿಲಿನ ತಾಲೀಮು

ಪರಸಪ್ಪನ ಮಾನ ಕಳೆದದ್ದು ಎರಡು ಟ್ರಾನ್ಸಿಸ್ಟರುಗಳು. ಹುಣಸೆಬೀಜಕ್ಕಿಂತ ತುಸು ದೊಡ್ಡವು, ಅಷ್ಟೇ. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಮೈಕ್‌ಸೆಟ್ಟಿನ ಅಂಗಡಿ. ಎಪ್ಪತ್ಮೂರರಲ್ಲಿ, ಹೊಸ ಕಾಲ ಬಂತೆಂದು, ವಾಲ್ವಿನ ಹಳೆಯ ಆಂಪ್ಲಿಫಾಯರ್ ಮಾರಿ ತಾನೇ ಟ್ರಾನ್ಸಿಸ್ಟರಿನದೊಂದನ್ನು ಕಟ್ಟಿದ. ಲಾರಿಯ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಊರಿನ ಕರೆಂಟಿನ ಹಂಗಿರಲಿಲ್ಲ. ಚಳಿಗಾಲದಲ್ಲಿ ಚೆನ್ನಾಗಿಯೇ ಹಾಡಿತು.

ಬೇಸಿಗೆ ಬಂತು, ಗ್ರಹಚಾರವೂ ಬಂತು. ಆ ಎರಡು ಬೀಜಗಳು ಕಾದಷ್ಟೂ ಹೆಚ್ಚು ಕರೆಂಟು ಎಳೆಯುತ್ತಿದ್ದವು, ಎಳೆದಷ್ಟೂ ಹೆಚ್ಚು ಕಾಯುತ್ತಿದ್ದವು. ಕಾಲು ಗಂಟೆಗೆ ಗೊರ್ರೆಂದು ಒಮ್ಮೆ ಗೊರಕೆ ಹೊಡೆದು ಸುಟ್ಟುಹೋಗುತ್ತಿದ್ದವು. ಇಂಡಿಯಲ್ಲಿ ಮಂಗಳಾಷ್ಟಕದ ನಡುವೆ ಸುಟ್ಟವು. ಮುದ್ದೇಬಿಹಾಳದಲ್ಲಿ ಸನ್ಮಾನ ಮಾಡಿಸಿಕೊಳ್ಳುವವರ ಹೆಸರು ಹೇಳುವ ಮೊದಲೇ ಸುಟ್ಟವು. ಬಸವನ ಬಾಗೇವಾಡಿಯಲ್ಲಿ ಏನಾಯಿತೆಂದು ಪರಸಪ್ಪ ಹೆಂಡತಿಗೂ ಹೇಳಿಲ್ಲ. ಮರುವರ್ಷದ ಬೇಸಿಗೆಗೆ ಅವನ ಅಂಗಡಿಯತ್ತ ಯಾರೂ ತಲೆಹಾಕಲಿಲ್ಲ.

ಅಂಥದರಲ್ಲಿ ದೇವರ ಹಿಪ್ಪರಗಿಯ ಶ್ರೀಶೈಲಪ್ಪ ಸಾಹುಕಾರರು ತಾವಾಗಿಯೇ ಅಂಗಡಿ ಹುಡುಕಿಕೊಂಡು ಬಂದರು.

"ಮಗಳ ಲಗ್ನಕ್ಕ ನಿನ್ನ ಸೆಟ್ಟ ಬೇಕು ನೋಡಪ. ಬ್ಯಾರೇದವ್ರದು ನನಗ ಬ್ಯಾಡ."

ಪರಸಪ್ಪನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಸಾವಕಾರ್ರ, ನಮ್ಮ ಸೆಟ್ಟಿನ ಸುದ್ದಿ ನಿಮ್ಮ ಕಿವಿಗೆ ಬಿದ್ದಿಲ್ಲೇನ್ರಿ?"

"ನಾಕ ಊರಾಗ ಕೇಳಿಕೊಂಡ ಬಂದೇನಿ. ನೀನ ಬರಬೇಕು."

ಅವರು ಹೋದ ಮೇಲೆ ಪರಸಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಲೋಕದಲ್ಲಿ ಅವನನ್ನು ನಂಬುವವರು ಒಬ್ಬರಾದರೂ ಉಳಿದಿದ್ದರು. ಇವರೆದುರು ಸೆಟ್ಟು ಕೈಕೊಟ್ಟರೆ ಅಂಗಡಿ ಮುಚ್ಚುವುದೇ ಸರಿ ಎಂದು ತೀರ್ಮಾನಿಸಿದ.

ಲಗ್ನದ ದಿನ ಬೆಳಿಗ್ಗೆ ಎದ್ದವನೇ ಹೆಂಡತಿಯ ತಗಡಿನ ಟ್ರಂಕನ್ನು ಬರಿದು ಮಾಡಿ, ಅದರೊಳಗೆ ಆಂಪ್ಲಿಫಾಯರನ್ನೂ ಕೆಂಡದ ಶೇಗಡಿಯನ್ನೂ ಇಟ್ಟು ಮುಚ್ಚಳ ಹಾಕಿದ. ಚಂದವ್ವ ಓಡಿ ಬಂದಳು.

"ಏನ್ ಮಾಡಾಕತ್ತೀರಿ? ಅದು ನನ್ನ ತವರಮನಿ ಟ್ರಂಕು!"

"ತಾಲೀಮು. ನಾಟಕಕ್ಕ ಮಾಡ್ತಾರಲ್ಲ, ಹಂಗ. ಮಧ್ಯಾಹ್ನ ಹಂದರದಾಗ ಎಂಥಾ ಬಿಸಿಲು ಇರತೈತಿ, ಅಂಥಾದ್ದ ಇಲ್ಲೇ ಮಾಡಿ ನೋಡಾಕತ್ತೇನಿ."

"ಬಿಸಿಲಿಗೇನ ಬರಾನ ನಮ್ಮೂರಾಗ? ಮಾಳಿಗಿ ಮ್ಯಾಲ ಇಡ್ರಿ."

"ಮಾಳಿಗಿ ಮ್ಯಾಲಿನ ಬಿಸಿಲು ನನ್ನ ಮಾತ ಕೇಳೂದಿಲ್ಲ. ಇದಾದ್ರ ಒಂದು ಕೆಂಡ ಹಾಕಿದ್ರ ಏರತೈತಿ, ತಗದ್ರ ಇಳೀತೈತಿ."

ಬಿಸಿಲಾಯಿತು, ಭಾಷಣವೂ ಬೇಕಲ್ಲ? ಬಿಡುವಿಲ್ಲದೆ ಮಾತಾಡುವವರು ಸಿಕ್ಕರೆ ಮಾತ್ರ ಟ್ರಾನ್ಸಿಸ್ಟರು ನಿಜವಾಗಿ ಕಾಯುತ್ತದೆ. ಎದುರುಮನೆಯ ಗುರಲಿಂಗಪ್ಪ ಮಾಸ್ತರರು ರಿಟೈರಾದಾಗಿನಿಂದ ಅವರ ಮಾತು ಕೇಳುವವರೇ ಇರಲಿಲ್ಲ. ಪರಸಪ್ಪ ಅವರನ್ನು ಕರೆತಂದು ಮೈಕಿನ ಮುಂದೆ ಕೂರಿಸಿದ. ಓಣಿಗೆ ತೊಂದರೆಯಾಗದಿರಲೆಂದು ಹಾರ್ನನ್ನು ಗಾದಿಯಲ್ಲಿ ಸುತ್ತಿಟ್ಟ.

"ಎಷ್ಟೊತ್ತು ಮಾತಾಡ್ಲಿ?" ಎಂದರು ಮಾಸ್ತರರು.

"ಸುಟ್ಟ ಹೋಗೂತನಕ ಮಾತಾಡ್ರಿ ಸರ."

ಕಾಲು ಗಂಟೆಗೆ ಗೊರ್ರೆಂದಿತು. ಪರಸಪ್ಪನಿಗೆ ಸಂತೋಷವೇ ಆಯಿತು, ತಾಲೀಮು ಸರಿಯಾಗಿದೆ ಎಂದರ್ಥ. ಉಳಿದದ್ದು ಕೊನೆಯ ಜೋಡಿ. ಬಿಸಿ ಹರಿದುಹೋಗಲು ಟ್ರಾನ್ಸಿಸ್ಟರು ಕೂರಿಸಿದ್ದ ಅಂಗೈಯಗಲದ ತಗಡು ಸಾಲದು, ದೊಡ್ಡದು ಬೇಕು. ಅಡಿಗೆಮನೆಯಲ್ಲಿ ಚಂದವ್ವನ ರೊಟ್ಟಿ ಹಿಟ್ಟು ನಾದುವ ಜರ್ಮನ್ ಪರಾತ, ಅಗಲವಾದ ಅಲ್ಯೂಮಿನಿಯಂ ತಟ್ಟೆ, ಗೋಡೆಗೆ ಒರಗಿತ್ತು. ಅವಳು ನೀರಿಗೆ ಹೋದ ಹೊತ್ತು ನೋಡಿ ಅದಕ್ಕೆ ತೂತು ಕೊರೆದು, ಟ್ರಾನ್ಸಿಸ್ಟರುಗಳನ್ನು ಬಿಗಿದು, ಮಾಸ್ತರರಿಗೆ ಮತ್ತೆ ಶುರುಮಾಡಲು ಹೇಳಿದ.

ಅಷ್ಟರಲ್ಲಿ ಪಕ್ಕದ ಮನೆಯ ಸೈದಾಬಿ ಶೇಂಗಾದ ಬುಟ್ಟಿ ಹಿಡಿದು ಬಂದಳು. "ಪರಸಣ್ಣಾ, ಇಷ್ಟು ಕೆಂಡ ಸುಮ್ನ ಹಾಳಾಗಾಕತ್ತಾವ. ಎರಡು ಮುಷ್ಟಿ ಹುರಕೊಂಡ ಹೋಗ್ತೀನಿ."

ಬೇಡವೆನ್ನುವಷ್ಟು ತ್ರಾಣ ಪರಸಪ್ಪನಲ್ಲಿರಲಿಲ್ಲ. ಅವಳು ಶೇಂಗಾ ನೋಡಲು ಮುಚ್ಚಳ ತೆಗೆದಾಗಲೆಲ್ಲ ಟ್ರಂಕಿನೊಳಗಿನ ವೈಶಾಖ ಮುಗಿದು ಆಷಾಢ ಬರುತ್ತಿತ್ತು. ಅವನು ಕೆಂಡ ಹಾಕಿ ಮತ್ತೆ ವೈಶಾಖ ತರುತ್ತಿದ್ದ. ಮುಖವೆಲ್ಲ ಮಸಿಯಾಯಿತು. ಹೀಗೆ ಓಡಾಡುವಾಗ ಅವನ ಕಾಲು ತಾಗಿ ಗಾದಿ ಬಿಚ್ಚಿಕೊಂಡಿತು. ಮಾಸ್ತರರು ಆಗ ತಮ್ಮ ಹಳೆಯ ವಿದ್ಯಾರ್ಥಿಗಳ ವಿಚಾರಕ್ಕೆ ಬಂದಿದ್ದರು. ಹಿಟ್ಟಿನ ಗಿರಣಿಯ ಮಾಳಿಂಗಪ್ಪ ನಾಲ್ಕನೇ ಇಯತ್ತೆಯಲ್ಲಿ ಎಷ್ಟು ವರ್ಷ ಕೂತಿದ್ದನೆಂಬುದು ಸಿಂದಗಿಯ ತುಂಬ ಕೇಳಿಸಿತು.

ಮಾಳಿಂಗಪ್ಪ ಹಿಟ್ಟು ಮೆತ್ತಿದ ಮೈಯಲ್ಲೇ ಬಂದು ಪರಸಪ್ಪನ ಅಂಗಿ ಹಿಡಿದ. "ಬಂದ್ ಮಾಡಸ್ತೀಯೋ ಇಲ್ಲೋ?"

"ಒಂದೀಟು ತಡಕೊ ಮಾರಾಯ. ಪರಾತ ಇನ್ನೂ ಮುಟ್ಟಾಕ ಬರಾಕತ್ತೈತಿ!"

ಅಂಗಿ ಹರಿಯಿತು. ನೀರು ತಂದ ಚಂದವ್ವ ಪರಾತ ನೋಡಿ ಕೊಡ ಇಳಿಸದೆಯೇ ಬೈಯತೊಡಗಿದಳು. ಆದರೆ ಮಾಸ್ತರರು ಒಂದೂವರೆ ಗಂಟೆ ಮಾತಾಡಿದರೂ ಸೆಟ್ಟು ಗೊರ್ ಎನ್ನಲಿಲ್ಲ. ಪರಸಪ್ಪ ಪರಾತದ ಮೇಲೆ ಕೈಯಿಟ್ಟು ನೋಡಿದ, ಜ್ವರ ಬಂದ ಕೂಸಿನ ಹಣೆಯಷ್ಟು ಬಿಸಿ, ಅದಕ್ಕಿಂತ ಹೆಚ್ಚಿಲ್ಲ. ಮಸಿಮುಖ, ಹರಿದ ಅಂಗಿಯಲ್ಲೇ, ಪರಾತ ಸಮೇತ ಸೆಟ್ಟು ಹೊತ್ತು ಹಿಪ್ಪರಗಿಯ ಬಸ್ಸು ಹತ್ತಿದ.

ಅಕ್ಷತೆ ಬಿದ್ದಿತು. ಹಂದರದೊಳಗೆ ಬಿಸಿಲು ರೊಟ್ಟಿ ಬೇಯುವಂತಿತ್ತು. ಸಾಹುಕಾರರ ಮಾವ ಬಸಂತರಾಯರು ಮೊಮ್ಮಗಳನ್ನು ಆಶೀರ್ವದಿಸಲು ಮೈಕ್ ಹಿಡಿದರು. ಊಟ ಅವರ ಮಾತಾದ ಮೇಲೆ. ತಾವು ಹುಟ್ಟಿದ ವರ್ಷದ ಬರಗಾಲದಿಂದ ಅವರು ಆಶೀರ್ವಾದ ಆರಂಭಿಸಿದರು.

ಕಾಲು ಗಂಟೆಯಾಯಿತು. ಸೆಟ್ಟು ಗಟ್ಟಿಯಾಗಿತ್ತು. ಅರ್ಧ ಗಂಟೆಯಾಯಿತು. ಸಾಹುಕಾರರು ಮತ್ತೆ ಮತ್ತೆ ತನ್ನತ್ತ ನೋಡುವುದನ್ನು ಕಂಡು ಪರಸಪ್ಪನ ಎದೆ ಉಬ್ಬಿತು. ಅವರು ಕೈಯಾಡಿಸಿದಾಗ ಜೋರು ಮಾಡಲು ಹೇಳುತ್ತಿದ್ದಾರೆಂದು ತಿಳಿದು ಜೋರು ಮಾಡಿದ. ಒಂದು ಗಂಟೆಯಾಯಿತು. ಬಸಂತರಾಯರಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಕೂಸುಗಳು ಅಳತೊಡಗಿದವು, ಅನ್ನ ಆರಿತು. ಬೀಗರಲ್ಲಿ ಹಿರಿಯರೊಬ್ಬರು, "ಉಪವಾಸ ಕೆಡವಾಕ ಕರಸೀರೇನು?" ಎಂದು ಚಪ್ಪಲಿ ಹುಡುಕತೊಡಗಿದರು.

ಸಾಹುಕಾರರು ಬೆವರುತ್ತ ಪರಸಪ್ಪನ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕುಳಿತರು. "ಯಾವಾಗೋ ಸುಡೂದು?"

"ಇನ್ನ ಸುಡೂದಿಲ್ರಿ ಸಾವಕಾರ್ರ! ನಿಮ್ಮ ವಿಶ್ವಾಸಕ್ಕ ಮೋಸ ಮಾಡಲಿಲ್ರಿ ನಾನು."

"ವಿಶ್ವಾಸ!" ಸಾಹುಕಾರರ ದನಿ ಅಳುವಂತಾಯಿತು. "ನಮ್ಮ ಮಾವನ ಕೈಯಾಗಿನ ಮೈಕ್ ಕಸೀಲಿಕ್ಕೆ ಯಾರಿಗೂ ಧೈರ್ಯಿಲ್ಲ. ಕಾಲು ಗಂಟೇಕ ಖಾತ್ರೀಲೆ ಸುಡೂ ಸೆಟ್ಟ ಇದೊಂದ ಅಂತ ನಾಕ ಊರಾಗ ಕೇಳಿ ನಿನ್ನ ಕರಸೀನಲ್ಲೋ!"

ಸಾಹುಕಾರರು ನಂಬಿದ್ದು ಪರಸಪ್ಪನನ್ನಲ್ಲ, ಸೆಟ್ಟು ಸುಡುವುದನ್ನು. ಇಷ್ಟು ಹೊತ್ತು ಉಬ್ಬಿದ್ದ ಎದೆ ಚುರ್ರೆಂದಿತು. ಬ್ಯಾಟರಿಯ ವಾಯರ್ ಕೀಳಲು ಕೈಚಾಚಿದ.

"ಏ ಸೆಟ್ಟಿನವನ, ಮ್ಯಾಲ ಬಾ!" ಹಾರ್ನಿನಿಂದ ಬಸಂತರಾಯರ ದನಿ ಬಂತು. ಜನ ಅವನನ್ನು ಎಬ್ಬಿಸಿ ವೇದಿಕೆಗೆ ತಳ್ಳಿದರು. ಬಸಂತರಾಯರು ತಮ್ಮ ಕೊರಳ ಹಾರ ತೆಗೆದು ಅವನಿಗೆ ಹಾಕಿದರು. "ನನ್ನ ಆಯುಷ್ಯದಾಗ ನನ್ನ ಮಾತಿಗೆ ತಡಕೊಂಡ ಸೆಟ್ಟ ಇದೊಂದ ನೋಡ್ರಿ. ಇನ್ನ ಮ್ಯಾಲ ನಾ ಎಲ್ಲೆ ಹೋದ್ರೂ ಇವ ನನ್ನ ಸಂಗಾಟ ಬರ್ತಾನ. ಇಲ್ಲೇ ನಿಂದರಪ, ನನ್ನ ಬಾಜೂಕ."

ಕೆಳಗೆ ಹಸಿದ ಮುಖಗಳೆಲ್ಲ ಈಗ ಪರಸಪ್ಪನನ್ನೇ ನೋಡುತ್ತಿದ್ದವು. ಸೆಟ್ಟು ಯಾರದೆಂದು ಗೊತ್ತಿಲ್ಲದವರಿಗೂ ಗೊತ್ತಾಗಿತ್ತು. ನಾಲ್ಕು ತಾಲೂಕಿನ ಜನ ಅಲ್ಲಿದ್ದರು.

ಬಸಂತರಾಯರು ಗಂಟಲು ಸರಿಮಾಡಿಕೊಂಡರು. "ಇಲ್ಲೀತನಕ ಹೇಳಿದ್ದು ಪೀಠಿಕಾ. ಇನ್ನ ವಿಷಯಕ್ಕ ಬರೂಣು."

ಪರಸಪ್ಪ ಕಣ್ಣುಮುಚ್ಚಿ, ಸುಡ್ರಪೋ, ಇವತ್ತೊಂದಿನ ಸುಡ್ರಿ ಎಂದು ತನ್ನ ಟ್ರಾನ್ಸಿಸ್ಟರುಗಳನ್ನು ಬೇಡಿಕೊಂಡ. ಅವು ಸುಡಲಿಲ್ಲ.