ಸಕಾರ ಹಕಾರವಾದ ಸಂಶೋಧನೆ

ಭಾಷಾಶಾಸ್ತ್ರದಲ್ಲಿ ಪರಿಣತನಾಗಲು ಹದಿನೈದು ವರ್ಷವಾದರೂ ಬೇಕು ಎಂದು ಬಸವಕಲ್ಯಾಣದ ಪ್ರಾಧ್ಯಾಪಕರೊಬ್ಬರು ಹೇಳಿದಾಗ ನಾನು ಒಳಗೊಳಗೇ ನಕ್ಕೆ. ನನಗೆ ಇಡೀ ದಸರಾ ರಜೆ ಇತ್ತು!

ನಾನು ಹುಮನಾಬಾದಿನ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ. ಇಪ್ಪತ್ತು ವರ್ಷ ಸಂಧಿ, ಸಮಾಸ ಕಲಿಸಿದವನಿಗೆ ಭಾಷಾಶಾಸ್ತ್ರ ಯಾವ ದೊಡ್ಡ ಮಾತು? ಎರಡು ಪುಸ್ತಕ ತಂದೆ. ಒಂದೂವರೆ ಓದಿದೆ. ನಾಲ್ಕನೆಯ ದಿನ ಮೊಬೈಲು, ನೋಟ್‌ಬುಕ್ಕು ಹಿಡಿದು ಕ್ಷೇತ್ರಕಾರ್ಯಕ್ಕೆಂದು ಹತ್ತಿರದ ಹಳ್ಳಿ ಘಾಟಬೋರಾಳಕ್ಕೆ ಹೊರಟೇಬಿಟ್ಟೆ.

ಅಲ್ಲಿ ಸಿಕ್ಕವರು ಚಂದ್ರಮ್ಮ ಆಯಿ. ಎಂಬತ್ತರ ಆಸುಪಾಸಿನ ಅಜ್ಜಿ. ಕಟ್ಟೆಯ ಮೇಲೆ ಕೂತು ಎರಡು ತಾಸು ಬಿಡದೆ ಮಾತಾಡಿದರು. ನಾನು ತಲೆಯೆತ್ತದೆ ಬರೆದುಕೊಂಡೆ. ಸಕ್ಕರಿ ಎನ್ನುವಲ್ಲಿ ‘ಹಕ್ಕರಿ’ ಎಂದರು. ಸಂಜಿ ‘ಹಂಜಿ’ಯಾಯಿತು. ಸೊಸೆಯನ್ನು ‘ಹೊಹಿ’ ಎಂದಾಗ ನನ್ನ ಮೈ ಜುಮ್ಮೆಂದಿತು. ಸಕಾರವೆಲ್ಲ ಹಕಾರ! ಯಾವ ಪುಸ್ತಕದಲ್ಲೂ ಇಲ್ಲದ ಮಹಾನ್ ಧ್ವನಿ ಬದಲಾವಣೆ. ನಾನು ಓದಿದ ಒಂದೂವರೆಯಲ್ಲಂತೂ ಇರಲಿಲ್ಲ.

ಮನೆಗೆ ಬಂದು ಹೆಂಡತಿ ಸುಮಿತ್ರಾಗೆ ಎಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿದೆ.

“ಒಬ್ಬಾಕಿ ಮಾತ ಕೇಳಿ ಇಡೀ ಊರಿಗಿ ಕಾಯ್ದೆ ಮಾಡ್ತೀರೇನ್ರಿ? ಬಾಜೂ ಮನಿಯವರನ್ನೂ ಕೇಳಿ ಬರ್ರಿ” ಎಂದಳು.

ವಿದ್ವಾಂಸರ ಮನೆಯಲ್ಲಿ ಇಂಥ ಸಂಶಯಗಳು ಸಹಜವೆಂದು ಉದಾರವಾಗಿ ಕ್ಷಮಿಸಿದೆ.

ರಜೆ ಮುಗಿಯುವ ಮೊದಲೇ ಪ್ರಬಂಧ ಸಿದ್ಧ! ಆ ಪ್ರಾಧ್ಯಾಪಕರೇ ಬಸವಕಲ್ಯಾಣದ ವಿಚಾರ ಸಂಕಿರಣವೊಂದರಲ್ಲಿ ಅವಕಾಶ ಕೊಡಿಸಿದರು. ಸಾಕ್ಷಿಯಿಲ್ಲದೆ ಮಾತಾಡುವವನು ನಾನಲ್ಲ. ಆಯಿಯನ್ನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನಾನು ಪ್ರಬಂಧ ಬಾಯಿಪಾಠ ಮಾಡಿದೆ, ಅವರು ನಿದ್ದೆ ಮಾಡಿದರು.

ವೇದಿಕೆಯೇರಿ ‘ಘಾಟಬೋರಾಳ ನಿಯಮ’ವನ್ನು ಲೋಕಕ್ಕೆ ಸಾದರಪಡಿಸಿದೆ. ಸಭೆ ಕಿವಿಯಾಗಿ ಕೂತಿತ್ತು. ಮೈಕನ್ನು ಆಯಿಯ ಮುಂದೆ ಹಿಡಿದು, ಚಹಾಕ್ಕೆ ಏನು ಹಾಕುತ್ತೀರೆಂದು ಕೇಳಿದೆ.

“ಸಕ್ಕರಿ.”

ನನ್ನ ಕಿವಿಯಲ್ಲೇ ದೋಷವಿರಬೇಕು. ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದೆ.

“ಸೊಸಿ.”

ಅಷ್ಟು ಶುದ್ಧ ಸಕಾರವನ್ನು ನನ್ನ ಶಾಲೆಯ ಯಾವ ವಿದ್ಯಾರ್ಥಿಯೂ ಉಚ್ಚರಿಸಿದ್ದಿಲ್ಲ! ಅವತ್ತು ಬೇರೆ ರೀತಿ ಹೇಳಿದ್ದಿರಲ್ಲ ಎಂದು ಗೋಗರೆದೆ.

“ಅವತ್ತ ಹಲ್ಲಿನ ಸೆಟ್ ರಿಪೇರಿಗಿ ಕೊಟ್ಟಿದ್ದೆರಿ, ಮಾಸ್ತರ. ಬಾಯಾಗ ಬರೇ ಗಾಳಿ ಹೋಗ್ತಿತ್ತು. ಇವತ್ತ ಸಭಾ ಅಂತ ಹಾಕ್ಕೊಂಡ ಬಂದೀನಿ.”

ಸಭಾಂಗಣದ ತಗಡು ಹಾರಿಹೋಗುವಷ್ಟು ನಗು! ಪ್ರಾಧ್ಯಾಪಕರು ಕಣ್ಣೊರೆಸಿಕೊಂಡು ಎದ್ದುನಿಂತರು. ಮಾತನ್ನು ಬರೆದುಕೊಳ್ಳುವ ಮೊದಲು ಮಾತಾಡುವವರ ಬಾಯಿ ನೋಡಬೇಕು, ಇದು ಮೊದಲ ವರ್ಷದ ಮೊದಲ ಪಾಠ ಎಂದು ಬಹಳ ಮೆತ್ತಗೆ ತಿಳಿಸಿದರು. ಆಮೇಲೆ ಆಯಿಯನ್ನು ಜೋಳದ ತಳಿಗಳ ಹಳೆಯ ಹೆಸರು ಕೇಳಿದರು. ಆಯಿ ಒಂದೊಂದಾಗಿ ಹೇಳುತ್ತ ಹೋದರು. ಸಭೆಯೆಲ್ಲ ಬರೆದುಕೊಂಡಿತು. ನಾನೂ ಬರೆದುಕೊಂಡೆ, ಈ ಸಲ ಅವರ ಬಾಯಿಯನ್ನೇ ನೋಡುತ್ತ.

ಕೊನೆಗೆ ಶಾಲು ಆಯಿಯ ಹೆಗಲೇರಿತು, ಅವರ ಚೀಲ ನನ್ನ ಹೆಗಲೇರಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆಯಿ ಶಾಲು ಸರಿಮಾಡಿಕೊಂಡು ಅಕ್ಕರೆಯಿಂದ ಕೇಳಿದರು:

“ನನ್ನನ್ನ ಮಾತಾಡಾಕ ಕರದಿದ್ರು, ಖರೇ. ನೀವ್ ಯಾಕ ಬಂದಿದ್ರಿ, ಮಾಸ್ತರ?”

“ನಿಮ್ಮ ಚೀಲ ಹಿಡಿಯಾಕ್ರಿ ಆಯಿ” ಎಂದೆ.