ಬಾರ್‌ಗೆ ನಾನು ಬೆಳಕು ಹಾಕಿಸಿದ್ದು

ಕೆಲವರಿಗೆ ಬೆಕ್ಕು ಕಂಡರೆ ಆಗದು, ಕೆಲವರಿಗೆ ಹಾಗಲಕಾಯಿ ಕಂಡರೆ ಆಗದು. ನನಗೆ ಧೂಳು ಕಂಡರೆ ಆಗದು. ಇದೊಂದು ದೊಡ್ಡ ಗುಣವೆಂದೇ ಬಹಳ ವರ್ಷ ನಂಬಿಕೊಂಡಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ಬೆಂಚಿನ ಅಡಿಯಲ್ಲಿ ಬೆರಳಾಡಿಸಿ, ಆ ಬೆರಳನ್ನು ಮಾತಿಲ್ಲದೆ ನಮ್ಮ ಮೂಗಿನ ಮುಂದೆ ಹಿಡಿಯುತ್ತಿದ್ದರು. ಮದುವೆಯಾಗಿ ದಾವಣಗೆರೆಯ ವಿದ್ಯಾನಗರಕ್ಕೆ ಬಂದ ಮೇಲೆ ಆ ಕೆಲಸವನ್ನು ನಾನು ವಹಿಸಿಕೊಂಡೆ. ನಮ್ಮ ಮನೆಯಲ್ಲಿ ಸ್ವಿಚ್ಚುಗಳನ್ನೂ ವಾರಕ್ಕೊಮ್ಮೆ ಒರೆಸುತ್ತೇನೆ. “ಐದು ನಿಮಿಷ ಒಂದೇ ಕಡೆ ಕೂತ್ರೆ ನನ್ನನ್ನೂ ಒರೆಸಿಬಿಡ್ತಾಳ್ರೀ” ಎಂದು ನನ್ನವರು ಬಂದವರ ಮುಂದೆಲ್ಲ ದೂರುತ್ತಾರೆ.

ಇಂಥ ನನ್ನ ಕೈಗೆ ಒಂದು ಬಾರ್ ಸಿಕ್ಕಿತು.

ಗಾಬರಿಯಾಗಬೇಡಿ, ಹೇಳುತ್ತೇನೆ. ಹರಿಹರದ ಬಸ್ ನಿಲ್ದಾಣದ ಎದುರು ನನ್ನವರ ಅಜ್ಜ ಶುರುಮಾಡಿದ ಬಾರೊಂದಿದೆ. ಊರಿಗೆ ಅದೇ ಮೊದಲನೆಯದು ಎಂದು ನಮ್ಮ ಮನೆಯವರು ಹೇಳುತ್ತಾರೆ. ಅಲ್ಲವೆನ್ನುವಷ್ಟು ವಯಸ್ಸಾದವರು ಈಗ ಯಾರೂ ಉಳಿದಿಲ್ಲ. ಅಜ್ಜ ದಿನಾ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾದಲ್ಲಿ ಕೂರುತ್ತಿದ್ದರಂತೆ. ಅವರದು ಒಂದೇ ಕಟ್ಟಳೆ: ಒಳಗೆ ಏನನ್ನಾದರೂ ಕುಡಿಯಿರಿ, ಮೊಟ್ಟೆ ಮಾತ್ರ ಹೊಸ್ತಿಲು ದಾಟಕೂಡದು. ಹೀಗಾಗಿ ಅಲ್ಲಿ ಇವತ್ತಿಗೂ ಮಿರ್ಚಿ, ಒಗ್ಗರಣೆ ಮಂಡಕ್ಕಿ, ಹುರಿದ ಶೇಂಗಾ ಅಷ್ಟೇ. ನಲವತ್ತು ವರ್ಷ ಮಿರ್ಚಿ ಕರಿದ ರಾಜಾಸಾಬರು ಅಲ್ಲಿನ ಬಾಟಲಿಯ ಒಂದು ಹನಿಯನ್ನೂ ಬಾಯಿಗಿಟ್ಟವರಲ್ಲ. ಅಷ್ಟು ಮಡಿವಂತ ಬಾರನ್ನು ನೀವು ಕಂಡಿರಲಿಕ್ಕಿಲ್ಲ.

ಅಜ್ಜನ ನಂತರ ಅದನ್ನು ನೋಡಿಕೊಂಡಿದ್ದ ಚಿಕ್ಕಮಾವನವರಿಗೆ ಮೊಣಕಾಲುಗಳೆರಡೂ ಕೈಕೊಟ್ಟು, ಎರಡು ವರ್ಷ ಬಾಗಿಲು ಹಾಕಿತ್ತು. ಚಪ್ಪಲಿ ಅಂಗಡಿಯವರೊಬ್ಬರು ಆ ಜಾಗ ಕೇಳುತ್ತಿದ್ದರು. ನನ್ನವರಿಗೆ ತಡೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ಅಜ್ಜನ ಗಲ್ಲಾದ ಕೆಳಗೆ ಕೂತು ಶೇಂಗಾ ತಿಂದವರು. “ಇಪ್ಪತ್ತು ವರ್ಷ ಮಂದಿ ಅಂಗಡ್ಯಾಗ ಸೀರೆ ಮಡಚಿದ್ದು ಸಾಕು” ಎಂದು ಬಟ್ಟೆ ಅಂಗಡಿಯ ಮ್ಯಾನೇಜರ್ ಕೆಲಸ ಬಿಟ್ಟೇಬಿಟ್ಟರು. ಚಿಕ್ಕಮಾವ ಹೇಳಿದರು: “ಯುಗಾದಿ ತನಕ ನಡೆಸ್ರಿ. ಟೇಬಲ್ ತುಂಬಿದ್ರೆ ನಿಮ್ದು. ಇಲ್ಲಾಂದ್ರ ಚಪ್ಪಲಿ ಅಂಗಡಿ.”

ನನ್ನದು ಒಂದೇ ಷರತ್ತು: ಸ್ವಚ್ಛ ಮಾಡುವುದನ್ನು ನನಗೆ ಬಿಡಬೇಕು.

ಒಳಗೆ ಕಾಲಿಟ್ಟವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪ್ರತಿ ಟೇಬಲ್ಲಿಗೂ ಎರಡೂ ಕಡೆ ಮರದ ತಡಿಕೆ, ಮುಂದೆ ಇಂಥದೇ ಬಣ್ಣವೆಂದು ಹೇಳಲಾಗದ ಪರದೆ, ಮೇಲೊಂದು ಕೆಂಪು ಬಲ್ಬು. ದೇವರೇ, ಈ ಕತ್ತಲೆಯಲ್ಲಿ ಜನ ಲೋಟವನ್ನು ಬಾಯಿಗೆ ಹೇಗೆ ಮುಟ್ಟಿಸುತ್ತಿದ್ದರೋ! ಎಲ್ಲ ಕೀಳಿಸಿದೆ. ರಸ್ತೆಯ ಕಡೆಯ ಗೋಡೆ ಒಡೆಸಿ ಉದ್ದಕ್ಕೂ ಗಾಜು ಹಾಕಿಸಿದೆ. ಹಾಲಿನಂಥ ಬಿಳಿ ದೀಪ, ಟೇಬಲ್ಲಿಗೆ ಚೌಕುಳಿ ಮೇಲುಹಾಸು, ಗಲ್ಲಾದ ಮೇಲೆ ಸೇವಂತಿಗೆ. ಅದರ ಹಿಂದೆ ಮಲ್ಲಿಗೆ ಮುಡಿದ ನಾನು, ಬಂದವರಿಗೆ “ಬರ್ರಿ, ಕೂಡ್ರಿ” ಎನ್ನಲು.

ಮೊದಲ ದಿನ ಸಂಜೆ ಒಬ್ಬರು ಬಾಗಿಲು ತಳ್ಳಿದರು. ಕಣ್ಣು ಪಿಳುಕಿಸಿದರು. ನಾನು ನಕ್ಕು ಸ್ವಾಗತಿಸಿದೆ. “ಅಕ್ಕಾರೆ, ಮಲೆಬೆನ್ನೂರು ಬಸ್ಸು ಎಲ್ಲಿ ನಿಲ್ತೈತ್ರಿ?” ಎಂದರು. ಗಾಜಿನಾಚೆ ಕೈ ತೋರಿಸಿ ವಿವರವಾಗಿ ಹೇಳಿದೆ. ಅವರ ಹಿಂದೆ ಬಂದವರಿಗೂ ಮಲೆಬೆನ್ನೂರು ಬಸ್ಸೇ ಬೇಕಿತ್ತು. ನಾಲ್ಕನೆಯವರೂ ಅದನ್ನೇ ಕೇಳಿದಾಗ ನನಗೆ ಕನಿಕರವಾಯಿತು. “ಪಾಪ, ಹೊರಗೆ ಒಂದು ಬೋರ್ಡ್ ಬರೆಸಿ ಹಾಕೋಣ ರೀ, ಯಾರಿಗೂ ಬಸ್ ಗೊತ್ತಾಗ್ತಾ ಇಲ್ಲ” ಎಂದೆ. ನನ್ನವರು ತಲೆಯ ಮೇಲೆ ಕೈಹೊತ್ತು ಕೂತರು.

ವಾರಗಳು ಕಳೆದವು. ಟೇಬಲ್ಲುಗಳನ್ನು ಒರೆಸುತ್ತಲೇ ಇದ್ದೆ. ಕೊಳೆ ಮಾಡುವವರೇ ಇರಲಿಲ್ಲ. ಯುಗಾದಿಗೆ ತಿಂಗಳಷ್ಟೇ ಉಳಿದಿತ್ತು. “ಚಪ್ಪಲಿ ಅಂಗಡಿಯವ್ರು ಬಂದು ಅಳತಿ ತಗೊಂಡು ಹೋಗ್ಯಾರ” ಎಂದು ಚಿಕ್ಕಮಾವ ಫೋನ್ ಮಾಡಿದರು. ಮರುದಿನ ಬೀರು ತೆಗೆದರೆ ಒಗೆದ ಟವೆಲ್ಲುಗಳನ್ನೆಲ್ಲ ನನ್ನವರು ಸೀರೆಯ ಹಾಗೆ, ಅಂಚು ಮುಂದಕ್ಕೆ ಬರುವಂತೆ ಮಡಚಿಟ್ಟಿದ್ದರು. ಹಳೇ ಕೆಲಸಕ್ಕೆ ಕೈ ರೂಢಿ ಮಾಡಿಕೊಳ್ಳುತ್ತಿದ್ದಾರೆ ಅನಿಸಿತು.

ಅಂದು ಸಂಜೆ ರಾಜಾಸಾಬರು ಬಿಸಿ ಮಿರ್ಚಿಯೊಂದನ್ನು ಕಾಗದದಲ್ಲಿಟ್ಟು ತಂದು ನನ್ನ ಮುಂದಿಟ್ಟರು. “ಅಕ್ಕಾರೆ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಹೇಳಿ ರಾಜಾಸಾಬ್.”

“ಎದ್ರಿಗೆ ಬಸ್ ಸ್ಟ್ಯಾಂಡ್ ಐತೆ. ಬಸ್ಸಿನ ಕಿಟಕ್ಯಾಗ ಮಾವ ಇರ್ತಾನ, ಬೀಗ ಇರ್ತಾನ, ಹೆಡ್ ಮಾಸ್ಟ್ರು ಇರ್ತಾರ. ನೀವು ಗಿರಾಕೀನ ಗ್ಲಾಸಿನ ಹಿಂದ ಕೂಡ್ಸಿ ಲೈಟ್ ಬಿಟ್ಟೀರಿ, ಬಂಗಾರದಂಗಡ್ಯಾಗ ಸರ ಇಟ್ಟಂಗ. ಯಾವನು ಕೂಡ್ತಾನ್ರಿ?”

“ಅಷ್ಟು ಧೂಳಿತ್ತಲ್ಲ...”

“ಧೂಳು ಒರೆಸ್ರಿ, ಬ್ಯಾಡ ಅನ್ನಲ್ಲ. ಕತ್ಲೆ ಯಾಕ ಒರೆಸಿದ್ರಿ? ಮತ್ತ...” ಎಂದು ತಡವರಿಸಿದರು. “ನೀವು ಹೂವು ಮುಡ್ಕೊಂಡು ನಗ್ತಾ ‘ಬರ್ರಿ’ ಅಂತೀರಿ. ಅವ್ರಿಗೆ ಮನಿ ನೆನಪಾಗ್ತೈತ್ರಿ. ಮನಿ ಮರಿಯಾಕ ಬಂದೋರು ಅವ್ರು.”

ಮಿರ್ಚಿ ಖಾರವಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದುಕೊಂಡೆ.

ಹಿತ್ತಿಲಲ್ಲಿ ಬಿದ್ದಿದ್ದ ತಡಿಕೆಗಳನ್ನು ತಿಕ್ಕಿ ತೊಳೆಸಿ ಒಳಗೆ ತಂದೆವು. ಗಾಜಿಗೆ ಒಳಗಿನಿಂದ ಬಣ್ಣ, ಮೇಲೆ ಕೆಂಪು ಬಲ್ಬು, ಟೇಬಲ್ಲಿಗೆ ಹೊಸ ಪರದೆ. ನಾನು ಅಡುಗೆಮನೆಗೆ ಸರಿದು ಮಂಡಕ್ಕಿಗೆ ಒಗ್ಗರಣೆ ಹಾಕತೊಡಗಿದೆ. ಮಲೆಬೆನ್ನೂರು ಬಸ್ಸು ಕೇಳುವವರು ಹೇಗೆ ಮಾಯವಾದರೋ! ಯುಗಾದಿಯ ಹಿಂದಿನ ದಿನ ಚಿಕ್ಕಮಾವ ಕೋಲೂರಿಕೊಂಡು ಬಂದರು. ಒಂದೊಂದೇ ಪರದೆ ಸರಿಸಿದರು. ಪ್ರತಿ ಸಲವೂ ಒಳಗಿನಿಂದ ಒಂದು ಕೈ ಬಂದು ಪರದೆಯನ್ನು ಸರಕ್ಕನೆ ಎಳೆದುಕೊಂಡಿತು. ಕೊನೆಯ ಟೇಬಲ್ಲಿನ ತನಕ ಹೋಗಿ ಬಂದು, “ನಡೀಲಿ” ಎಂದರು. ನನ್ನವರು ಅಡುಗೆಮನೆಗೆ ಬಂದು ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡರು.

ಮೊನ್ನೆ ದಾವಣಗೆರೆಯಲ್ಲಿ ನೆಂಟರ ಮನೆಯ ನಾಮಕರಣ. ಊಟಕ್ಕೆ ಕೂತಾಗ ಪಕ್ಕದಾಕೆ ಕೇಳಿದರು: “ನಿಮ್ಮನೆಯವ್ರದು ಈಗ ಏನ್ರಿ ಕೆಲಸ?” ನನ್ನ ನಾಲಿಗೆ ತಡಮಾಡಲಿಲ್ಲ: “ಹರಿಹರದಲ್ಲಿ ಹೋಟೆಲ್ ರೀ.” ಆಕೆಯ ಆಚೆ ಕೂತ ಗಂಡ ಎದುರು ಸಾಲಿನಲ್ಲಿದ್ದ ನನ್ನವರನ್ನೊಮ್ಮೆ ನೋಡಿ, ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು. ಅವರ ಮುಖ ನನಗೆ ಹೊಸದು. ಬಲಗಾಲಿನ ಕಪ್ಪು ದಾರ ಹೊಸದಲ್ಲ. ಅಡುಗೆಮನೆಯಿಂದ ನನಗೆ ಪರದೆಯ ಕೆಳಗಿನ ಪಾದಗಳಷ್ಟೇ ಕಾಣುತ್ತವೆ. ಈ ಪಾದಗಳು ವಾರಕ್ಕೆ ಮೂರು ಸಲ ಬರುತ್ತವೆ.

“ಹೌದಾ! ಹಂಗಾದ್ರೆ ಈ ಭಾನುವಾರ ಮಕ್ಕಳ್ನ ಕರ್ಕೊಂಡು ಬರ್ತೀವ್ರಿ” ಎಂದರಾಕೆ.

“ಭಾನುವಾರ ರಜ ರೀ.”

“ಸೋಮವಾರ?”

ಕಪ್ಪು ದಾರದವರು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು.

“ಸೋಮವಾರ ಕ್ಲೀನಿಂಗ್ ಇರ್ತದೆ. ನನಗೆ ಧೂಳು ಕಂಡ್ರೆ ಆಗಲ್ಲ ನೋಡಿ” ಎಂದೆ. ಅವರು ಉಸಿರು ಬಿಟ್ಟು ಹೋಳಿಗೆಗೆ ಕೈಹಾಕಿದರು. ನನ್ನ ಸ್ವಚ್ಛತೆಯಿಂದ ಒಬ್ಬ ಗಿರಾಕಿ ಉಳಿದದ್ದು ಅದೇ ಮೊದಲು.